ಗಾರ್

ಮೊದಲ ವಾರ. ಮಂಚದಿಂದಲೇ ಕೈ ಬೀಸಿ
"ಜೀಬಿ ಗಾರ್" ಅಂದಳು ಮುದುಕಿ.
ನನಗೆ ಕೇಳಿದ್ದು ಘರ್.
ಮನೆಗೆ ಕಳಿಸುತ್ತಾಳೆ, ಏಜೆಂಟನಿಗೆ ಕೊಟ್ಟ ದುಡ್ಡೂ ಹುಟ್ಟುವ ಮೊದಲೇ,
ಎಂದು ಅಡುಗೆಮನೆಯಲ್ಲಿ ನಿಂತು ಅತ್ತೆ.

ಡ್ರೈವರ್ ಸಿದ್ದೀಕ್ ಡಬ್ಬಿ ತೆರೆದು ತೋರಿಸಿದ:
ಎಲೆ. ಒಣಗಿದ, ಬೂದುಹಸಿರು ಎಲೆ.
"ಗಾರ್ ಅಂದ್ರೆ ಇದು ಮಾರಾಯ್ತಿ,
ಕಣ್ಣೊರೆಸ್ಕೋ, ನೀರು ಕುದಿಯಲಿಕ್ಕೆ ಇಡು."

ನಮ್ಮ ಪಲಾವಿನ ಎಲೆಯೇ ಅಂದುಕೊಂಡೆ. ಅಲ್ಲ.
ಬೆಳಕಿಗೆ ಹಿಡಿದರೆ ತಿಳಿಯುತ್ತದೆ.
ನಮ್ಮದರಲ್ಲಿ ತೊಟ್ಟಿನಿಂದ ತುದಿಗೆ ಮೂರು ನರ,
ಜೊತೆಗೇ ಸಾಗಿಯೂ ಮಾತು ಬಿಟ್ಟ ಮೂವರು ಓರಗಿತ್ತಿಯರಂತೆ.
ಇದರಲ್ಲಿ ನಡುವೆ ಒಂದೇ,
ಅಕ್ಕಪಕ್ಕ ಮೀನಿನ ಮುಳ್ಳಿನ ಕವಲು.
ಮೂಸಿದರೆ ಚಕ್ಕೆಯಲ್ಲ, ನೀಲಗಿರಿಯೂ ಅಲ್ಲ.

ಉಮ್ ಘಾನಿಮ್‌ಗೆ ಎಲ್ಲಕ್ಕೂ ಗಾರೇ.
ಹೊಟ್ಟೆ ಉಬ್ಬರಿಸಿದರೆ ಎರಡೆಲೆ ಕುದಿಸಿದ ನೀರು,
ಜೊತೆಗೆ ಚೂರು ಒಣನಿಂಬೆ.
ಕೆಮ್ಮಿಗೆ ಹಬೆ, ತಲೆತುಂಬ ಟವೆಲು;
ಒಳಗಿಂದ ಬೈಯುತ್ತಿರುತ್ತಾಳೆ
ನನ್ನನ್ನೋ, ಮಗನನ್ನೋ, ಏಸಿಯನ್ನೋ.
ಅಕ್ಕಿ ಡ್ರಮ್ಮಿನ ಹುಳಕ್ಕೆ ಹತ್ತೆಲೆ.
ಮಂಡಿಗೆ ಎಣ್ಣೆ, ಕಡುಹಸಿರು, ಮಂದ,
ಸೂಕಿನಲ್ಲಿ ಅಲೆಪ್ಪೊದವನು ಸಾಬೂನಿನ ಜೊತೆ ಮಾರುವುದು.
ಡಾಕ್ಟರ ಮಾತ್ರೆಯನ್ನು ನಾನು ತಪ್ಪಿಸುವುದಿಲ್ಲ.
ಅದೂ ಇರಲಿ, ಇದೂ ಇರಲಿ.

ಅವಳಪ್ಪ ಮುತ್ತಿಗಾಗಿ ಮುಳುಗುತ್ತಿದ್ದವನಂತೆ.
ಬೇಸಿಗೆ ಮುಗಿದು ದೋಣಿ ಮರಳಿದಾಗ
ಎರಡು ಕಿವಿಯಲ್ಲೂ ಕೀವು.
ತಾಯಿ ಇದೇ ಎಣ್ಣೆ ಬೆಚ್ಚಗೆ ಮಾಡಿ ಹತ್ತಿಯಿಂದ ಹಿಂಡುತ್ತಿದ್ದಳು.
ವಾಸಿಯಾಯಿತೇ ಎಂದೆ.
"ಎಲ್ಲಿಯ ವಾಸಿ! ಕಿವುಡಾದ.
ಆದರೆ ಒಳ್ಳೇ ಪರಿಮಳದ ಕಿವುಡ."

ನಾನು ಲಕ್ಕಿ ಸೊಪ್ಪಿನ ಕತೆ ಹೇಳಿದೆ,
ಬಾಣಂತಿ ನೀರಿನ ಹಂಡೆಯದು,
ಅಮ್ಮ ಚೊಂಬು ಚೊಂಬು ಸೊಂಟಕ್ಕೆ ಎರೆದದ್ದು,
ಬಂದಷ್ಟು ಅರಬ್ಬಿಯಲ್ಲಿ, ಉಳಿದದ್ದು ಕೈಸನ್ನೆಯಲ್ಲಿ.
"ಬುಷ್ಬಾ," ಅಂದಳು.
ಪುಷ್ಪಾದ ಎರಡು ಪಕಾರವೂ ಅವಳ ಬಾಯಲ್ಲಿ ನಿಲ್ಲವು.
"ಗಾರ್ ಮರ ಎಷ್ಟೆತ್ತರ, ಗೊತ್ತಾ?"
ನನಗೆಲ್ಲಿ ಗೊತ್ತು. ನಿಮಗೆ?
"ಎಂಬತ್ತಾರು ವರ್ಷದಿಂದ ಕುಡಿದಿದ್ದೇನೆ. ನೋಡಿಲ್ಲ."

ಫೆಬ್ರವರಿಯಲ್ಲಿ ಸಿದ್ದೀಕ್ ಅದೆಲ್ಲಿಂದಲೋ ಸಸಿ ತಂದ,
ಹಾಲಿನಪುಡಿ ಡಬ್ಬಿಯಲ್ಲಿ, ಗೇಣುದ್ದ.
ಮುಹರ್ರಕ್‌ನ ಜೂನ್ ದಾಟದು ಅಂದರು ಎಲ್ಲರೂ.
ಹಿತ್ತಿಲ ಗೋಡೆಯಲ್ಲಿ ಏಸಿಯ ಕೊಳವೆ ತೊಟ್ಟಿಕ್ಕುವಲ್ಲಿ ಇಟ್ಟೆ:
ಮುದುಕಿಯ ಕೋಣೆಯ ಬೆವರು
ಹಗಲೂ ರಾತ್ರಿ ಅದರ ಬುಡಕ್ಕೆ.
ಈಗ ಅವಳು ಏಸಿ ಆರಿಸಲು ಬಿಡಳು.
ಎರಡು ಕಂಬಳಿಯೊಳಗೆ ನಡುಗುತ್ತ
"ಅದಕ್ಕೆ ಬಾಯಾರುತ್ತದೆ" ಅನ್ನುತ್ತಾಳೆ.

ಆಗಸ್ಟಿನಲ್ಲಿ ಒಂದು ಚಿಗುರೆಲೆ.
ಮಗ್ರಿಬ್ ಬಾಂಗಿನ ಹೊತ್ತಿಗೆ ಗಾಲಿಕುರ್ಚಿ ತಳ್ಳಿ ಕರೆದೊಯ್ದೆ.
ಬಗ್ಗಿದಳು, ಮುಟ್ಟಿದಳು,
ಅಯ್ಯೋ ಅನ್ನುವುದರೊಳಗೆ ಕಿತ್ತೇಬಿಟ್ಟಳು!
ಅರ್ಧ ತಾನು ಕಚ್ಚಿ ಅರ್ಧ ನನ್ನ ಬಾಯಿಗೆ.
ಕಹಿ.
ಹಾಗಲಕಾಯಿ ಕೈಮುಗಿಯುವಂಥ ಕಹಿ.
"ಥೂ" ಅಂದು ಉಗುಳಿ ನಕ್ಕಳು,
ನಗು ಕೆಮ್ಮಾಗಿ, ಕೆಮ್ಮು ಮತ್ತೆ ನಗುವಾಗಿ.
ಕಿತ್ತ ತೊಟ್ಟಿನ ಮೇಲೆ ಕೊಳವೆಯಿಂದ ಹನಿ,
ಇನ್ನೊಂದು ಹನಿ.

ಆಮೇಲೆ ಒಳಗಿನ ಬಾಗಿಲ ಕಡೆ ಕೈ ತೋರಿ ಏನೋ ಅಂದಳು.
ಗಾರೋ, ಘರೋ.
ನಾನು ಕೇಳಲು ಹೋಗಲಿಲ್ಲ.
ಕುರ್ಚಿ ತಿರುಗಿಸಿದೆ,
ನೀರು ಕುದಿಯಲು ಇಡಬೇಕಿತ್ತು.