ಬಾಲ ಮೊದಲು

ಸೊಹಾರಿನ ಫಲಜ್ ಅಲ್ ಕಬಾಯಿಲಿನಲ್ಲಿ
ಸನದ್ ಕಚೇರಿಯ ಪಕ್ಕ ನಮ್ಮ ಜೆರಾಕ್ಸ್ ಅಂಗಡಿ.
ಪುಟಕ್ಕೆ ಐನೂರು ಬೈಸಾ, ತುರ್ತಾದರೆ ಒಂದು ರಿಯಾಲು.
ಹದಿನೇಳು ವರ್ಷದಿಂದ ಟೈಪು ಹೊಡೆಯುತ್ತಿದ್ದೇನೆ.
ಇಂಗ್ಲಿಷು ಕಲಿತದ್ದು ಕಿನ್ನಿಗೋಳಿಯ ಸಿಸ್ಟರುಗಳ ಕೈಯಲ್ಲಿ,
ಅದಕ್ಕೆ ಅಂಜಿದ್ದು ಇಲ್ಲಿ.

ಸಿರುಗುಪ್ಪದ ಕಡೆಯವನು ಗಾದಿಲಿಂಗಪ್ಪ, ಟೈಲ್ಸ್ ಹಾಕುವವ,
ಮೊಣಕಾಲಿನ ರಬ್ಬರು ಪಟ್ಟಿ ಬಿಚ್ಚದೆಯೇ ಬಂದು
ಕಂಪನಿಯ ಕಾಗದ ಮೇಜಿನ ಮೇಲಿಟ್ಟ.
ಸಮ ಕೂತಿದೆಯೇ ಎಂದು ಅಂಗೈಯಿಂದ ಒತ್ತಿ ನೋಡಿದ.
"ಏನಂತಾರ್ರೀ ಅಕ್ಕಾರ,
ಇಟ್ಕೊಂತಾರಂತೋ, ಕಳಸ್ತಾರಂತೋ?"

ಕಂಪನಿ ನಿಮ್ಮ ಕರಾರನ್ನು
ಕ್ಯಾನ್ ಅಂಡ್ ಮೇ, ಬಟ್ ನೀಡ್ ನಾಟ್, ರಿನ್ಯೂ.

ನಮ್ಮಲ್ಲಿ 'ಬಹುದು' ಎಂಬುದು ಒಂದು ಬಾಲ.
ಬಾಲ ತಾನೊಂದೇ ಬೀದಿಗಿಳಿದದ್ದು ನಾನು ಕಂಡಿಲ್ಲ.
ಅವರಲ್ಲಿ ಬಾಲಗಳೇ ಮೊದಲು ಬರುತ್ತವೆ,
ಅಂಡ್ ಎಂಬ, ಬಟ್ ಎಂಬ ಹಗ್ಗ ಕಟ್ಟಿಸಿಕೊಂಡು;
ಎಲ್ಲ ದಾಟಿದ ಮೇಲೆ ಕೊನೆಗೆ
ಒಂದು ಬಡಕಲು ಹಸು.

ಮುಂದುವರಿಸಬಲ್ಲರು, ಮುಂದುವರಿಸಲೂಬಹುದು, ಆದರೆ
ಮುಂದುವರಿಸಲೇಬೇಕೆಂದಿಲ್ಲ,
ಎಂದು ಉಸಿರು ಹಿಡಿದು ಮೂರು ಹಸು ದಾಟಿಸಿದೆ.
ಇಂಗ್ಲಿಷಿನಲ್ಲಿ ಅಷ್ಟಕ್ಕೂ ಒಂದೇ ಸಾಕಾಗುತ್ತದೆ ಎಂದೂ ಹೇಳಿದೆ.
ನಕ್ಕ. "ನಮ್ಮ ಕ್ಯಾಂಪಿನಾಗೂ ಹಂಗ ರೀ.
ಆರು ಮಂದಿ ಟವಲ್ಲು ಹೆಗಲಿಗೆ ಹಾಕ್ಕೊಂಡು
ಒಂದ ಬಚ್ಚಲದ ಮುಂದ ನಿಂತಿರ್ತೀವಿ."
ಸಿಸ್ಟರುಗಳು ಇಷ್ಟು ಚಂದ ಹೇಳಿಕೊಟ್ಟಿರಲಿಲ್ಲ.

ಜವಾಬು ಬರೆಸಿದ.
"ಇರು ಅಂದ್ರ ಇರಾಕ ಬರ್ತೈತಿ, ಇರ್ತೀನಿ.
ಹೋಗು ಅಂದ್ರ ಹೋಗಾಕ ಬರ್ತೈತಿ, ಹೋಗ್ತೀನಿ.
ಯಾವುದಂತ ಅಷ್ಟ ಹೇಳ್ರಿ."
ಹೊಡೆದೆ: ಐ ಕ್ಯಾನ್ ಅಂಡ್ ವಿಲ್ ಸ್ಟೇ,
ಆರ್ ಕ್ಯಾನ್ ಅಂಡ್ ವಿಲ್ ಗೋ.
"ಇರೂದು ಯಾವುದ್ರೀ ಇದರಾಗ?"
ಬೆರಳಿಟ್ಟು ತೋರಿಸಿದೆ.
"ನಾ ಎರಡ್ ಸಲ ಅಂದಿನಿ. ಒಂದ ಐತಲ್ಲ?"
ಒಂದು ಸಾಕಾಗುತ್ತದೆ ಗಾದಿಲಿಂಗಪ್ಪ.
"ಅವರಿಗೆ ಸಾಕಾಗತೈತಿ" ಎಂದ.
ಅಳಿಸಿ ಮತ್ತೆ ಹೊಡೆದೆ, ಎರಡೆರಡು ಸಲ.
ತಪ್ಪೇನಲ್ಲ. ಸ್ವಲ್ಪ ಭಾರ, ಅಷ್ಟೆ.
ದುಡ್ಡು ಕೊಡುವಾಗ ಆ ಎರಡು ಮಾತಿಗೆ ಬೇರೆ ಎಷ್ಟು ಎಂದು ಕೇಳಿದ.

ಇಪ್ಪತ್ತೆರಡು ದಿನ.
ಬಂದ ಕಾಗದದಲ್ಲಿ ಮೊಹರು ದೊಡ್ಡದು, ಸಾಲು ಒಂದು:
ವೀ ಮೇ ಆರ್ ಮೇ ನಾಟ್.
ತಿರುಗಿಸಿ ನೋಡಿದೆ. ಹಿಂದೆಯೂ ಇಲ್ಲ.
ಹಗ್ಗ ಉಂಟು, ಬಾಲ ಎರಡುಂಟು;
ಹಸುವನ್ನು ಯಾರು ಹೊಡೆದುಕೊಂಡು ಹೋದರು?

ಬರೀ 'ಬಹುದು' ಎಂದು ಓದಿ ಹೇಳಲು
ಕನ್ನಡದಲ್ಲಿ ಬಾಯಿ ಬರುವುದಿಲ್ಲ.
ಏನಾದರೊಂದು ಹಿಂದೆ ಹಚ್ಚಲೇಬೇಕು:
ಇಟ್ಟುಕೊಳ್ಳಬಹುದು. ಕಳಿಸಬಹುದು.
ಮರೆತಿರಲೂಬಹುದು.
ನಾನು ಹಚ್ಚಿದ್ದನ್ನೇ ಅವನು ರಾತ್ರಿ ಫೋನಿನಲ್ಲಿ ಹೇಳುತ್ತಾನೆ,
ಅವನ ಹೆಂಡತಿ ಅದನ್ನು ನಂಬಿ
ಬೆಳಿಗ್ಗೆ ಮಗಳ ನರ್ಸಿಂಗ್ ಕಾಲೇಜಿಗೆ ಹೋಗಿ
ಫೀಸಿಗೊಂದು ತಾರೀಕು ಕೊಟ್ಟು ಬರುತ್ತಾಳೆ.
ಐನೂರು ಬೈಸಾಕ್ಕೆ ಇಷ್ಟು ಕೆಲಸ ನನ್ನದಲ್ಲ.

ಹೊರಗೆ ಹನ್ನೆರಡೂವರೆಯ ಬಿಸಿಲಿನ ಬಿಡುವು.
ಲಾರಿಯ ನೆರಳಲ್ಲಿ ಜನ ಸಾಲಾಗಿ ಮಲಗಿದ್ದಾರೆ.
ನಾನಿನ್ನೂ ಬಾಯಿ ತೆರೆದುಕೊಂಡೇ ಇದ್ದೆ.
ಅವನು ಚೀಲದಿಂದ ಖುಬೂಸು ತೆಗೆದ,
ಊರಿನಿಂದ ಯಾರೋ ತಂದ ಶೇಂಗಾ ಪುಡಿ,
ಮುಚ್ಚಳದಲ್ಲಿ ಒಂದಿಷ್ಟು ಎಣ್ಣೆ.
"ಉಣಬಹುದು ಅಂತ ಹಚ್ರಿ ಸದ್ಯಕ್ಕ" ಎಂದ,
ಹರಿದು ಅರ್ಧ ನನ್ನ ಕಡೆ ಸರಿಸಿದ.

ವಿಪರೀತ ಖಾರ.
ಕಾಗದದ ಮೇಲೆ ಎಣ್ಣೆ ಒಂದು ಹನಿ ಬಿತ್ತು,
ಆರ್ ಎಂಬಲ್ಲಿ. ಒರೆಸಿದಷ್ಟೂ
ಅಕ್ಷರ ಗಾಜಾಯಿತು,
ಕೆಳಗಿನ ಮೇಜು ಕಂಡಿತು.