ಹಳೇದಲ್ಲ

ಮತ್ತ ವಾಪಸ್ ಬಂದಾವ ಕಾಗದ ಹೈದರಾಬಾದಿನಿಂದ,
ಮೂಲ್ಯಾಗ ಪಿನ್ನು, ಪಿನ್ನಿಗಿ ಒಂದು ಚೀಟಿ:
ಸದರಿ ಮಾಲು ಪುರಾತನ ವಸ್ತು ಅಲ್ಲವೆಂಬುದಕ್ಕೆ
ರುಜುವಾತು ಲಗತ್ತಿಸಿ.

ಖುದ್ದೂಸ ಸಾಬ ನನ್ನ ಅಂಗಡಿ ಸ್ಟೂಲಿನ ಮ್ಯಾಲ ಕುಂತು
ಚೀಟಿ ತಿರುವಿ ಮುರುವಿ ನೋಡ್ತಾನ.
ಝರಾಕ್ಸ್ ಬಾಯಿ, ಏನಂತಾರ ಇವರು?
ನಿಮ್ಮ ಸುರಾಯಿ ಹಳೇದಂತ, ಕಾಕಾ.
ಯಾವ್ದೋ ನವಾಬನ ಮನ್ಯಾಗಿಂದು ಎಬ್ಬಿಸಿ
ಲಿಸ್ಬನ್ನಿಗಿ ಕಳಸ್ಲತ್ತೀರಂತ.

ನಗು ಬಂತು ಅವಗ, ಕೆಮ್ಮು ಬಂತು, ಆಮ್ಯಾಲ ಮತ್ತ ನಗು.
ಹೋದ ತಿಂಗಳ ಎರಕ ಹೊಯ್ದೀನಿ,
ಕರೆಂಟ್ ಹೋಗಿತ್ತು, ಜೀವ ಬೆಂದು ಹೋಗಿತ್ತು.
ಬೆಳ್ಳಿ ತಂತಿ ಸೊಸಿ ಕೂಡ್ಸ್ಯಾಳ,
ಅಂಗೂರ ಬಳ್ಳಿ, ಎಲಿಗೊಂದು ನರ.
ಬೆಳ್ಳಿ ತಂದ ಬಿಲ್ಲು ಅದ ಏನು?
ಅದ.
ತೆಗೀರಿ.

ನಾ ಹೊಡೀತೀನಿ ಕೀಲಿಮಣಿ ಮ್ಯಾಲ:
ಮಾಲಿನ ವಿವರ. ಎಂಟಂಕಿ ಕೋಡು. ನಗ ಒಂದು.
ತೂಕ ಡಬ್ಬಿ ಸಮೇತ, ತೂಕ ಡಬ್ಬಿ ಬಿಟ್ಟು.
ತಯಾರಾದ ದೇಶ.
ಏನೇನು ಹಾಕಿ ಮಾಡಿದ್ದು?
ಸತು, ಅಂತೀನಿ. ತಾಮ್ರ. ಬೆಳ್ಳಿ.
ಮಣ್ಣು, ಅಂತಾನ.

ಮಣ್ಣು ಅಂತ ಬರದ್ರ ಬ್ಯಾರೆ ಕಾಗದ ಕೇಳ್ತಾರ, ಕಾಕಾ,
ಅದರಾಗ ಹುಳ ಇಲ್ಲ, ಬೀಜ ಇಲ್ಲ ಅಂತ ಸರ್ಟಿಫಿಕೇಟು.
ಮಣ್ಣು ಬ್ಯಾಡ.

ಸುಮ್ಮ ಕುಂತ ಒಂದೀಟು ಹೊತ್ತು.
ಕಿಲ್ಲೇದ ಗ್ವಾಡಿ ಬುಡದಾಗ, ಬಿಸಲು ಮಳಿ ಕಾಣದ ಜಾಗದಾಗ
ಕೆದರಿ ತಂದದ್ದು ಅದು. ನಾಲಿಗಿ ತುದಿಗಿ ಇಟ್ಟು
ಇದು ಹೌದು, ಇದು ಅಲ್ಲ ಅನ್ನೋದು ಅವರಪ್ಪ ಕಲ್ಸಿದ್ದು.
ಆ ಮಣ್ಣು ಕದಡಿದ ನೀರು ಕುದ್ದು ಏಳುವಾಗ ಮುಳುಗಿಸಿದ್ರ
ಬೆಳ್ಳಿ ಬೆಳ್ಳಿಯಾಗೇ ಉಳೀತದ,
ಮಿಕ್ಕದ್ದೆಲ್ಲ ರಾತ್ರಿ ಆಗ್ತದ.

ಅವರಂದದ್ದು ಪೂರಾ ಸುಳ್ಳಲ್ಲ ಬಾಯಿ, ಅಂದ.
ಸುರಾಯಿ ಹೋದ ತಿಂಗಳದು.
ಕಪ್ಪು ಹಳೇದು.

ಹಂಗಂತ ಎಲ್ಲಿ ಬರೀಲಿ?
ಇರೋದು ಎರಡೇ ಚೌಕ, ಹೌದು, ಅಲ್ಲ.
ಅಲ್ಲ ಅನ್ನೋದರಾಗ ಗುರ್ತು ಹಾಕ್ದೆ.

ದಸ್ಖತ್ತು ಹಾಕ್ದ, ಬಲದಿಂದ ಎಡಕ್ಕ,
ತಾನೇ ಎದ್ದು ಕಾಗದ ಗಾಜಿನ ಮ್ಯಾಲ ಬೋರಲ ಇಟ್ಟ.
ನಾಕು ಪ್ರತಿ ಬಂದವು ಬಿಸಿ ಬಿಸಿ.
ನಾಕರಾಗೂ ಅದೇ ಜಾಗಕ್ಕ, ತಯಾರಾದ ದೇಶದ ಬಾಜೂಕ,
ಸಾಸಿವಿ ಅಷ್ಟು ಒಂದು ಚುಕ್ಕಿ.

ಗಾಜು ನೋಡ್ದೆ. ಅವನ ಉಗುರಿನಾಗಿಂದು ಉದುರಿದ್ದು.
ಒರಸಿ ಮತ್ತ ತೆಗೀಬೇಕಂತ ಅರಬಿ ತಗೊಂಡೆ.
ಆಮ್ಯಾಲ ಇರಲಿ ಬಿಡು ಅಂತ
ಲಕೋಟಿಗಿ ಅಂಟು ಹಚ್ಚಿದೆ.