ಹದಿನಾಲ್ಕನೆಯ ಹಂದಿಯ ಸಾಕ್ಷಿ

ಪಾಮರ್‌ಸ್ಟನ್ ನಾರ್ತ್. ಜುಲೈ. ಬೆಳಗಿನ ಐದೂವರೆ.
ಮನವಾತೂ ಬಯಲಿನ ಗಾಳಿ ತಗಡಿನ ಸಂದಿಯಿಂದ ನುಸುಳಿ
ನನ್ನ ಗಂಬೂಟಿನೊಳಗೆ ಬಂದು ಕೂರುತ್ತದೆ.
ಹದಿನಾಲ್ಕನೆಯದು ಆಗಲೇ ಎದ್ದಿದೆ.
ತಕ್ಕಡಿಯ ಸದ್ದಿಗೇ ಕಿವಿ ನಿಮಿರುತ್ತದೆ ಅದಕ್ಕೆ.

ಈ ವಾರ ಬಟಾಣಿ. ಹೋದ ವಾರ ಗೋಧಿ.
ಅದಕ್ಕೂ ಮುಂಚೆ ಹಾಲಿನ ಪುಡಿ; ಆ ಏಳೂ ದಿನ
ತೊಟ್ಟಿಯನ್ನು ನೆಕ್ಕಿ ನೆಕ್ಕಿ ಕನ್ನಡಿ ಮಾಡಿಟ್ಟಿತ್ತು.
ಪ್ರತಿ ಊಟಕ್ಕೂ ಚಿಟಿಕೆ ಬಿಳಿ ಪುಡಿ ಬೆರೆಸುತ್ತೇನೆ:
ಕರುಳಿಗೆ ಕರಗದ್ದು, ರಕ್ತಕ್ಕೆ ಸೇರದ್ದು,
ಹೋದ ದಾರಿಯ ಸುದ್ದಿ ಹೇಳಲೆಂದೇ ಹೋಗುವಂಥದ್ದು.

ಪಕ್ಕೆಯಲ್ಲಿ ಅದಕ್ಕೊಂದು ಪುಟ್ಟ ಬಾಗಿಲು,
ಹೆಬ್ಬೆರಳಗಲದ ಕೊಳವೆ. ಮುಚ್ಚಳ ತಿರುವಿ
ಚೀಲ ಕಟ್ಟುತ್ತೇನೆ. ಸಣ್ಣಕರುಳು ಮುಗಿಯುವಲ್ಲಿ
ಉಳಿದದ್ದು ಬೆಚ್ಚಗೆ ಇಳಿಯುತ್ತದೆ.
ಅಲ್ಲಿಂದಾಚೆ ದೊಡ್ಡಕರುಳಿನ ಕೋಟಿ ಬಾಯಿಗಳು
ಎಂಜಲು ತಿಂದು ಲೆಕ್ಕ ಕೆಡಿಸುತ್ತವೆ.
ಅದಕ್ಕೇ ಇಲ್ಲೇ, ಹೊಸ್ತಿಲಲ್ಲೇ ತಡೆದು ಕೇಳಬೇಕು:
ಏನು ತಂದೆ, ಏನು ಕೊಟ್ಟೆ,
ಏನನ್ನು ಹಾಗೇ ಹೊತ್ತು ಹೊರಟೆ?

ಚೀಲ ಕಟ್ಟುವಾಗ ಅದು ನನ್ನ ಮೊಣಕೈ ಮೂಸುತ್ತದೆ.
ಹಾಳೆಯಲ್ಲಿ ಇದನ್ನು ಬರೆಯಲು ಕಾಲಮ್ಮಿಲ್ಲ.

ಗೋಧಿಯ ಫಲಿತಾಂಶ ಬಂದಿದೆ. ಲೈಸಿನ್ ಸಾಲದು.
ಅಂದರೆ ಹೀಗೆ: ಇಪ್ಪತ್ತು ಅಂಗಿಗೆ ಬಟ್ಟೆಯಿದೆ,
ಗುಂಡಿ ಮಾತ್ರ ಎಂಟಕ್ಕೆ.
ಎಂಟೇ ಅಂಗಿ.
ಮಿಕ್ಕ ಬಟ್ಟೆಯನ್ನು ಮೈ ಒಲೆಗೆ ಹಾಕಿ ಚಳಿ ಕಾಯಿಸುತ್ತದೆ.
ಬಟಾಣಿಯ ಬಳಿ ಗುಂಡಿ ಬೇಕಾದಷ್ಟು,
ಅದಕ್ಕೆ ಕೊರತೆ ಬೇರೆಯದು, ನೂಲಿನದೆನ್ನಿ.
ಹಾಲಿಗೆ ಬಂದದ್ದು ನೂರಕ್ಕೂ ಮೇಲೆ.
ಹಳೆಯ ಲೆಕ್ಕದಲ್ಲಿ ಆ ಮೇಲಿನದನ್ನು ಕತ್ತರಿಸಿ
ನೂರು ಎಂದಷ್ಟೇ ಬರೆಯುತ್ತಿದ್ದರಂತೆ,
ತುಂಬಿದ ಕೊಡಕ್ಕೆ ಇನ್ನೆಷ್ಟು ಅಂತ.
ನಮ್ಮ ಡಾಕ್ಟರ್ ಇಂಗ್ರಾಮ್ ಕತ್ತರಿಸುವುದಿಲ್ಲ.
ಒಂಟಿ ಹಾಲಿಗೆ ಅದು ದಂಡ, ಕಹು, ಅನ್ನುತ್ತಾರೆ,
ಪಕ್ಕದಲ್ಲೊಂದು ಚೂರು ಬ್ರೆಡ್ಡಿದ್ದರೆ ಅಲ್ಲ.

ಅಪ್ಪ ಲಾಂಗ್‌ಬರ್ನಿನ ಕಸಾಯಿಖಾನೆಯಲ್ಲಿ
ಬಾಗಿಲು ಮುಚ್ಚುವತನಕ ಕುರಿ ಸುಲಿದವನು.
"ಬಟಾಣಿಗೂ ಪರೀಕ್ಷೆಯೇ? ಅದು ಕುರಿಗೆ. ಕುರಿ ನಮಗೆ."
ಅವನ ಶಾಸ್ತ್ರ ಅಷ್ಟಕ್ಕೇ ಮುಗಿಯುತ್ತದೆ.
ಈಗ ಹಲ್ಲಿನ ಸೆಟ್ಟು ಲೋಟದ ನೀರಿನಲ್ಲಿ ನಗುತ್ತದೆ,
ಅವನ ತಟ್ಟೆಯಲ್ಲಿ ದಿನಾ ರಾತ್ರಿ
ಡಬ್ಬಿಯ ಹುರುಳಿ, ಅಡಿಗೆ ಮೆತ್ತಗಾದ ಟೋಸ್ಟು.
ಬಡವರ ಕೂಳು ಎಂದು ಬೈದುಕೊಂಡೇ ತಿನ್ನುತ್ತಾನೆ.
ನಾನು ಎದುರಿಗೆ ಕೂತು ಗುಂಡಿ ಎಣಿಸುತ್ತೇನೆ:
ಇದರದ್ದು ಅದಕ್ಕೆ, ಅದರದ್ದು ಇದಕ್ಕೆ.
ಬಾಯಿ ಬಿಟ್ಟು ಹೇಳುವುದಿಲ್ಲ. ಹೇಳಿದರೆ ತಟ್ಟೆ ಸರಿಸಿಬಿಟ್ಟಾನು.

"ಕೊನೆಗೆ ಆ ಹಂದಿಯನ್ನು ತಿನ್ನುತ್ತೀರಾ?"
"ಇಲ್ಲಪ್ಪ, ನಿಯಮವಿಲ್ಲ."
"ಯಾರೂ?"
"ಯಾರೂ."
ಅವನಿಗೆ ನಿಜಕ್ಕೂ ನೋವಾಗುತ್ತದೆ.
ಅಷ್ಟು ವರ್ಷ, ಅಷ್ಟು ಸಾವಿರ ಕುರಿ, ಉಣ್ಣೆ ಕೊಬ್ಬು ಗೊರಸು
ಒಂದನ್ನೂ ದಂಡ ಮಾಡದ ಕೈ ಅದು.
ಮಾತಿಲ್ಲದೆ ಬ್ರೆಡ್ಡಿನ ಕೊನೆಯ ಅಂಚು ಮುರಿದು
ತಟ್ಟೆಯನ್ನು ಸುತ್ತ ಒರೆಸುತ್ತಾನೆ, ಮತ್ತೊಮ್ಮೆ ಒರೆಸುತ್ತಾನೆ,
ದೀಪ ಅದರಲ್ಲಿ ಕಾಣುವಷ್ಟು.

ನಾನೋ, ಅಭ್ಯಾಸ ಬಲ,
ಏನು ಉಳಿಯಿತೆಂದು ಬಗ್ಗಿ ನೋಡುತ್ತೇನೆ.